ಒಂದೇ ದಿನ ಮೂರು ನಿವೃತ್ತಿ: ಹುಬ್ಬಳ್ಳಿ, ಗದಗ, ಹಾವೇರಿ ಕಚೇರಿಗಳ ಒಂದು ಪ್ರಕರಣ ಅಧ್ಯಯನ

ಸಾರ್ವಜನಿಕ ವಲಯದ ಸಾಮಾನ್ಯ ವಿಮಾ ಸಂಸ್ಥೆಯೊಂದರ ಹುಬ್ಬಳ್ಳಿ ವಿಭಾಗೀಯ ಕಚೇರಿ, ಗದಗ ಶಾಖೆ ಮತ್ತು ಹಾವೇರಿ ಶಾಖೆಗಳಲ್ಲಿ ಒಂದೇ ವರ್ಷದ ಮೇ 31ರಂದು ಮೂವರು ನೌಕರರು ನಿವೃತ್ತರಾದರು. ಹುಬ್ಬಳ್ಳಿಯಲ್ಲಿ ವಾಹನ ಕ್ಲೇಮ್ ವಿಭಾಗದ ಆಡಳಿತಾಧಿಕಾರಿ, ಗದಗಿನಲ್ಲಿ ಲೆಕ್ಕಪತ್ರ ಮತ್ತು ನಗದು ನೋಡಿಕೊಳ್ಳುತ್ತಿದ್ದ ಹಿರಿಯ ಸಹಾಯಕಿ, ಹಾವೇರಿಯಲ್ಲಿ ಸಿಪಾಯಿ. ಮೂವರೂ ಖಾಸಗಿ ಬದುಕಿಗೆ ಮರಳಿದವರಾದ್ದರಿಂದ ಅವರ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಮೂರು ಊರುಗಳ ಸಿಬ್ಬಂದಿ ಸೇರಿ ನಡೆಸುವ ಮನರಂಜನಾ ಕೂಟವು ಈ ಮೂರು ಬೀಳ್ಕೊಡುಗೆಗಳನ್ನು ಹೇಗೆ ಹೊಂದಿಸಿತು, ಆ ಹೊಂದಾಣಿಕೆಯ ನಡುವೆ ಯಾವ ಹಳೆಯ ಪದ್ಧತಿಗಳು ಬದಲಾದವು, ಯಾವುದನ್ನು ಬದಲಿಸಲು ಜನ ಒಪ್ಪಲಿಲ್ಲ ಎಂಬುದೇ ಈ ಅಧ್ಯಯನದ ವಿಷಯ.

ಹಿನ್ನೆಲೆ

ಮೇ 31ರಂದು ಇಷ್ಟು ಜನ ಒಟ್ಟಿಗೆ ನಿವೃತ್ತರಾಗುವುದು ಆಕಸ್ಮಿಕವಲ್ಲ. ಹಿಂದೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ತಂದೆ ತಾಯಿಗೆ ಹುಟ್ಟಿದ ದಿನಾಂಕ ನೆನಪಿರುತ್ತಿರಲಿಲ್ಲ. ಮಗು ಯಾವ ಹಬ್ಬದ ಆಸುಪಾಸಿನಲ್ಲಿ, ಯಾವ ಮಳೆಯಲ್ಲಿ ಹುಟ್ಟಿತೆಂದು ಮಾತ್ರ ಹೇಳುತ್ತಿದ್ದರು. ಶಾಲೆಗಳು ಜೂನ್ ತಿಂಗಳಲ್ಲಿ ಆರಂಭವಾಗುತ್ತಿದ್ದುದರಿಂದ, ವಯಸ್ಸಿನ ಲೆಕ್ಕ ಸರಿಹೋಗುವಂತೆ ಮಾಸ್ತರರು ಜೂನ್ 1 ಎಂದು ದಾಖಲಿಸುತ್ತಿದ್ದರು. ಅದೇ ದಿನಾಂಕ ಮೆಟ್ರಿಕ್ ಪ್ರಮಾಣಪತ್ರಕ್ಕೆ ಏರಿ, ಅಲ್ಲಿಂದ ಸೇವಾ ಪುಸ್ತಕಕ್ಕೆ ಬಂದು ಕುಳಿತಿತು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರಾದ್ದರಿಂದ, ನಮ್ಮ ಕಡೆಯ ಸರಕಾರಿ ಕಚೇರಿ, ಬ್ಯಾಂಕು, ವಿಮಾ ಕಚೇರಿಗಳಲ್ಲಿ ಮೇ 31 ಬೀಳ್ಕೊಡುಗೆಗಳ ದಿನವಾಗಿಬಿಟ್ಟಿದೆ. ಈ ಮೂವರಲ್ಲಿ ಇಬ್ಬರದು ಮಾಸ್ತರರು ಬರೆದ ಜೂನ್ 1. ಸಹಾಯಕಿಯವರದು ಮಾತ್ರ ಮೇ ತಿಂಗಳ ನಿಜವಾದ ಜನ್ಮದಿನ.

ಈ ಮೂರು ಕಚೇರಿಗಳ ನಂಟನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1972ರ ಕಾಯ್ದೆಯ ಮೇರೆಗೆ 1973ರ ಜನವರಿ 1ರಿಂದ ದೇಶದ 107 ಸಾಮಾನ್ಯ ವಿಮಾ ಕಂಪನಿಗಳು ನಾಲ್ಕು ಸಾರ್ವಜನಿಕ ಸಂಸ್ಥೆಗಳಾಗಿ ಒಗ್ಗೂಡಿದವು. ಆ ಬಳಿಕ ಸಣ್ಣ ಊರುಗಳಲ್ಲಿಯೂ ಶಾಖೆಗಳು ತೆರೆದುಕೊಂಡವು. ಹುಬ್ಬಳ್ಳಿ ಮತ್ತು ಗದಗಿನ ಹತ್ತಿ ಪೇಟೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಹೆದ್ದಾರಿಯ ಲಾರಿಗಳು ಈ ಭಾಗದಲ್ಲಿ ಆ ಶಾಖೆಗಳಿಗೆ ಕೆಲಸ ಒದಗಿಸಿದವು. ನಿವೃತ್ತರಾದ ಮೂವರು ಕೆಲಸಕ್ಕೆ ಸೇರಿದಾಗ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯೊಳಗೇ ಇದ್ದವು. ಅವು ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಜಿಲ್ಲೆ ಮೂರಾದರೂ ಸಿಬ್ಬಂದಿಯ ಬಳಗ ಒಂದಾಗಿಯೇ ಉಳಿಯಿತು. ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಆಯೇರಿ ಮಾಡಿದವರು, ಒಬ್ಬರ ಮನೆಯ ವಾಸ್ತುಶಾಂತಿಯಲ್ಲಿ ಇನ್ನೊಬ್ಬರು ಬಡಿಸಿದವರು. ಹೊಸ ನೇಮಕಾತಿ ವಿರಳವಾಗಿ, ಗಣಕಯಂತ್ರ ಬಂದು, ಒಬ್ಬರು ಹೋದ ಜಾಗಕ್ಕೆ ಇನ್ನೊಬ್ಬರು ಬರುವುದು ನಿಂತ ಮೇಲೆ ಬಳಗ ಚಿಕ್ಕದಾಗುತ್ತ ಬಂದಿದೆ. ಹೀಗಾಗಿ ಒಬ್ಬರ ನಿವೃತ್ತಿ ಎಂದರೆ ಮೂರೂ ಊರಿನವರಿಗೆ ತಮ್ಮ ಮನೆಯ ಸುದ್ದಿ.

ಇಲ್ಲಿನ ಬೀಳ್ಕೊಡುಗೆಗೆ ತನ್ನದೇ ಕ್ರಮವಿದೆ. ಸಂಜೆ ಕಚೇರಿಯ ವೇಳೆ ಮುಗಿಯುತ್ತಲೇ ಮುಖ್ಯಸ್ಥರು ಬಿಡುಗಡೆ ಆದೇಶ ಕೊಡುತ್ತಾರೆ. ಹಾರ, ಶಾಲು, ನಾಲ್ಕು ಮಾತು, ಚಹಾ ಆಗುತ್ತವೆ. ಮನೆಯವರು ಬಂದಿದ್ದರೆ ಕಚೇರಿಯ ಹೆಣ್ಣುಮಕ್ಕಳು ಆ ಮನೆಯ ಗೃಹಿಣಿಗೆ ಉಡಿ ತುಂಬುತ್ತಾರೆ. ಇಷ್ಟೆಲ್ಲ ಆದ ಮೇಲೆ ನಡೆಯುವ ‘ಮನೆ ಮುಟ್ಟಿಸುವುದು’ ಎಲ್ಲಕ್ಕಿಂತ ಮುಖ್ಯವಾದದ್ದು. ನಿವೃತ್ತರಾದವರು ಆ ದಿನ ಒಬ್ಬರೇ ಮನೆಗೆ ಹೋಗಕೂಡದು. ಜೊತೆಗೆ ದುಡಿದವರು ಅವರನ್ನು ಮನೆಯ ಹೊಸ್ತಿಲವರೆಗೆ ಕರೆದೊಯ್ದು, ಅಲ್ಲಿ ಕುಳಿತು, ಅವರ ಮನೆಯಲ್ಲಿ ಏನಾದರೂ ತಿಂದು ಬರಬೇಕು. ಇದು ಯಾವ ಸುತ್ತೋಲೆಯಲ್ಲಿಯೂ ಇಲ್ಲ. ಮೂವತ್ತೈದು ವರ್ಷ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಮನುಷ್ಯ ಎಲ್ಲಿಗೆ ಹೋಗುತ್ತಿದ್ದ, ಯಾರ ನಡುವೆ ಇರುತ್ತಿದ್ದ ಎಂಬುದು ಓಣಿಯವರ ಕಣ್ಣಿಗೆ, ಮನೆಯ ಮೊಮ್ಮಕ್ಕಳ ಕಣ್ಣಿಗೆ ಕಾಣುವುದು ಆ ಒಂದು ತಾಸಿನಲ್ಲಿ ಮಾತ್ರ.

ಏಪ್ರಿಲ್ ಸಭೆ

ಮಾರ್ಚ್ ಅಂತ್ಯದ ಲೆಕ್ಕ ಮುಗಿದ ಮೇಲೆ ಕೂಟದ ಸಮಿತಿ ಹುಬ್ಬಳ್ಳಿಯಲ್ಲಿ ಸೇರಿತು. ಹುಬ್ಬಳ್ಳಿಯಿಂದ ಗದಗಿಗೆ ಅರವತ್ತು ಕಿಲೋಮೀಟರಿಗೆ ತುಸು ಕಡಿಮೆ, ಹಾವೇರಿಗೆ ಸುಮಾರು ಎಪ್ಪತ್ತೈದು. ಎರಡೂ ದಾರಿಗಳು ಬೇರೆ ಬೇರೆ ದಿಕ್ಕಿಗೆ. ಒಂದೇ ಸಂಜೆ ಮೂರೂ ಕಡೆ ಇರಲು ಯಾರಿಂದಲೂ ಆಗದು. ಆದ್ದರಿಂದ ಕಾರ್ಯದರ್ಶಿಯವರು, ಹುಬ್ಬಳ್ಳಿಯಲ್ಲಿ ಒಂದು ಸಭಾಭವನ ಹಿಡಿದು ಮೂವರಿಗೂ ಒಂದೇ ವೇದಿಕೆಯಲ್ಲಿ ಬೀಳ್ಕೊಡುಗೆ ಕೊಡೋಣ, ಖರ್ಚೂ ಉಳಿಯುತ್ತದೆ, ಎಲ್ಲರೂ ಎಲ್ಲರಿಗೂ ಸಿಗುತ್ತಾರೆ ಎಂದರು. ಕೇಳಲು ನ್ಯಾಯವಾಗಿಯೇ ಇದ್ದ ಮಾತು. ಹುಬ್ಬಳ್ಳಿಯವರು ಬಹುಪಾಲು ಒಪ್ಪಿದರು.

ಹಾವೇರಿ ಶಾಖೆಯ ಪರವಾಗಿ ಬಂದಿದ್ದ ಸಹಾಯಕರು ಒಪ್ಪಲಿಲ್ಲ. ಅವರು ಸಿಪಾಯಿಯನ್ನು ಮೊದಲೇ ಕೇಳಿಕೊಂಡು ಬಂದಿದ್ದರು. ಅವರು ತಂದ ಮಾತು ಇಷ್ಟೇ: “ಸಾಹೇಬ್ರ ಸಂಗಾಟ ಸ್ಟೇಜಿನ ಮ್ಯಾಲ ಕುಂದ್ರೂದು ನನಗ ದೊಡ್ಡದಲ್ರೀ. ನಮ್ಮ ಊರಿಗೆ ಒಮ್ಮೆ ಎಲ್ಲಾರೂ ಬರ್ರಿ. ನಮ್ಮ ಆಫೀಸಿನವ್ರನ್ನ ನಮ್ಮವ್ವ ನೋಡ್ಬೇಕಾಗೇತಿ.” ತೊಂಬತ್ತರ ಹತ್ತಿರದ ಆ ತಾಯಿಯನ್ನು ಹುಬ್ಬಳ್ಳಿಯವರೆಗೆ ಕರೆತರುವುದು ಸಾಧ್ಯವಿರಲಿಲ್ಲ.

ಈ ಮಾತಿನ ಹಿಂದೆ ಇನ್ನೊಂದು ನೋವಿತ್ತು, ಸಭೆಯಲ್ಲಿ ಅದನ್ನೂ ಒಬ್ಬರು ಬಾಯಿಬಿಟ್ಟು ಹೇಳಿದರು. ಹಿಂದಿನ ಕೆಲವು ವರ್ಷಗಳಲ್ಲಿ ಅಧಿಕಾರಿಗಳು ನಿವೃತ್ತರಾದಾಗ ಮೂರೂ ಊರುಗಳಿಂದ ಗಾಡಿ ಮಾಡಿಕೊಂಡು ಜನ ಹೋಗಿದ್ದರು. ಕೆಳದರ್ಜೆಯ ನೌಕರರು ನಿವೃತ್ತರಾದಾಗ ಆಯಾ ಶಾಖೆಯ ನಾಲ್ಕೈದು ಜನ ಚಹಾ ಕುಡಿಸಿ ಕಳಿಸಿದ್ದರು. ಯಾರೂ ಬೇಕೆಂದು ಹೀಗೆ ಮಾಡಿರಲಿಲ್ಲ. ಅಧಿಕಾರಿ ಹಲವು ಊರುಗಳಲ್ಲಿ ದುಡಿದಿರುತ್ತಾರೆ, ಪರಿಚಯ ಹೆಚ್ಚು. ಸಿಪಾಯಿ ಒಂದೇ ಶಾಖೆಯಲ್ಲಿ ಸೇವೆ ಮುಗಿಸಿರುತ್ತಾರೆ. ಆದರೂ ಫಲಿತಾಂಶ ಕಣ್ಣೆದುರಿಗಿತ್ತು. ಮೂರು ಬೀಳ್ಕೊಡುಗೆ ಒಂದೇ ಸಂಜೆ ಬಂದರೆ ಹಾವೇರಿಗೆ ಯಾರೂ ಬರುವುದಿಲ್ಲ ಎಂಬ ಅಂಜಿಕೆ ಹಾವೇರಿಯವರಿಗಿತ್ತು, ಆ ಅಂಜಿಕೆ ಸುಳ್ಳಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಗದಗಿನ ಸಹಾಯಕಿಯ ವಿಷಯ ಬೇರೆಯೇ ಬಗೆಯದು. ಅವರ ಮನೆ ಹುಬ್ಬಳ್ಳಿಯಲ್ಲಿ. ಮದುವೆಯಾದಂದಿನಿಂದ ಗದಗಿಗೆ ಅಪ್-ಡೌನ್ ಮಾಡಿದವರು. ಹುಬ್ಬಳ್ಳಿಯ ಜಂಟಿ ಸಮಾರಂಭ ಅವರಿಗೆ ಎಲ್ಲರಿಗಿಂತ ಅನುಕೂಲವೆಂದು ಸಮಿತಿ ತಿಳಿದಿತ್ತು. ಅವರು ಬೇಡವೆಂದರು. ತನ್ನನ್ನು ಬಲ್ಲವರು ಗದಗಿನ ಪೇಟೆಯಲ್ಲಿದ್ದಾರೆ, ಬೆಟಗೇರಿಯ ನೇಕಾರರಲ್ಲಿದ್ದಾರೆ, ಬೆಳಗಿನ ಮತ್ತು ಸಂಜೆಯ ಗಾಡಿಯಲ್ಲಿದ್ದಾರೆ. ಹುಬ್ಬಳ್ಳಿಯ ಭವನದಲ್ಲಿ ತನಗೆ ಯಾರಿದ್ದಾರೆ ಎಂದು ಕೇಳಿದರು. ರೈಲಿನಲ್ಲಿ ಅವರ ಜೊತೆ ಬ್ಯಾಂಕಿನವರು, ಅಂಚೆ ಇಲಾಖೆಯವರು, ಕಾಲೇಜಿನ ಅಧ್ಯಾಪಕಿಯರು ಇರುತ್ತಿದ್ದರು. ಅಣ್ಣಿಗೇರಿಯಲ್ಲಿ, ಹುಲಕೋಟಿಯಲ್ಲಿ ಹತ್ತಿ ಇಳಿಯುವವರಿದ್ದರು. ಕೆಲಸದ ಬದುಕಿನ ಅರ್ಧ ಸ್ನೇಹ ಆ ಡಬ್ಬಿಯಲ್ಲೇ ಬೆಳೆದದ್ದು. ಕಚೇರಿಯ ಸಾಮಾಜಿಕ ಜೀವನವನ್ನು ಕಚೇರಿಯ ನಾಲ್ಕು ಗೋಡೆಗಳೊಳಗೆ ಮಾತ್ರ ಹುಡುಕುವವರು ಇಂಥ ಸಂಗತಿಗಳನ್ನು ಗಮನಿಸುವುದೇ ಇಲ್ಲ.

ಸಭೆ ಕಗ್ಗಂಟಿಗೆ ಸಿಲುಕಿದಾಗ ದಾರಿ ತೋರಿಸಿದವರು ನಿವೃತ್ತರಾಗಲಿದ್ದ ಆಡಳಿತಾಧಿಕಾರಿಯೇ. ಅವರನ್ನು ಸಭೆಗೆ ಕರೆದಿರಲಿಲ್ಲ. ಸುದ್ದಿ ತಿಳಿದು ತಾವೇ ಒಳಗೆ ಬಂದರು. “ನನ್ನ ಆರ್ಡರ್ ಯಾರ ಕೈಯಾಗ ಕೊಟ್ರೂ ನಡೀತದ. ಮೇ 31ಕ್ಕ ಡಿವಿಜನಲ್ ಮ್ಯಾನೇಜರ್ ಸಾಹೇಬ್ರು ಹಾವೇರಿಗೆ ಹೋಗ್ಲಿ. ನಂದು ಮರುದಿನ ಇಟ್ಕೊಳ್ರಿ” ಎಂದರು. ಆ ವರ್ಷ ಮೇ 31 ಶುಕ್ರವಾರ ಬಂದಿತ್ತು. ಶನಿವಾರ ಕಚೇರಿಗೆ ರಜೆ. ಇದರಿಂದ ಗಂಟು ಬಿಚ್ಚಿಕೊಂಡಿತು. ವಿಭಾಗೀಯ ವ್ಯವಸ್ಥಾಪಕರು ಎರಡು ಮಾತಿಲ್ಲದೆ ಒಪ್ಪಿದರು. ಮೂರೂ ಕಚೇರಿಗಳಲ್ಲಿ ಅತ್ಯಂತ ಹಿರಿಯ ಹುದ್ದೆಯಲ್ಲಿದ್ದವರು ಅತ್ಯಂತ ಕೆಳಗಿನ ಹುದ್ದೆಯಲ್ಲಿದ್ದವರಿಗೆ ನಿವೃತ್ತಿಯ ದಿನವೇ ತಮ್ಮ ಕೈಯಾರೆ ಆದೇಶ ಕೊಡುವುದು ಆ ವಿಭಾಗದಲ್ಲಿ ಅದುವರೆಗೆ ನಡೆದಿರಲಿಲ್ಲ.

ಅಧಿಕಾರಿ ಇನ್ನೊಂದು ಸಲಹೆಯನ್ನೂ ಕೊಟ್ಟರು. ಅದು ನನಗೆ ಮೊದಲಿನದಕ್ಕಿಂತ ಮುಖ್ಯವೆನಿಸಿದೆ. ಅಧಿಕಾರಿ ಅಥವಾ ಸಹಾಯಕರು ನಿವೃತ್ತರಾಗುವಾಗ ತಾವು ನೋಡಿಕೊಳ್ಳುತ್ತಿದ್ದ ಕಡತಗಳು, ಬೀಗದ ಕೈಗಳು, ಬಾಕಿ ಕೆಲಸಗಳ ಚಾರ್ಜ್ ಪಟ್ಟಿ ಬರೆದು ಮುಂದಿನವರಿಗೆ ಒಪ್ಪಿಸುತ್ತಾರೆ. ಸಿಪಾಯಿಯಿಂದ ಯಾರೂ ಅಂಥ ಪಟ್ಟಿ ತೆಗೆದುಕೊಳ್ಳುವುದಿಲ್ಲ, ಅವರ ಬಳಿ ಒಪ್ಪಿಸುವಂಥದ್ದು ಏನೂ ಇಲ್ಲವೆಂಬ ತಿಳಿವಳಿಕೆಯಿಂದ. ಹಾವೇರಿಯ ಮಟ್ಟಿಗೆ ಇದು ಪೂರ್ತಿ ತಪ್ಪು ತಿಳಿವಳಿಕೆ. ಹಾವೇರಿ ಜಿಲ್ಲೆಯ ಉದ್ದಕ್ಕೂ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಅಪಘಾತ ಪರಿಹಾರದ ಪ್ರಕರಣಗಳು ಶಾಖೆಯ ದೊಡ್ಡ ಹೊರೆ. ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿಯಿಂದ ನೋಟಿಸು ಬಂದರೆ ಪಾಲಿಸಿಯ ಪ್ರತಿ, ಚಾಲಕನ ಪರವಾನಗಿಯ ವಿವರ, ತನಿಖಾ ವರದಿ ಇವೆಲ್ಲ ಸಕಾಲಕ್ಕೆ ವಕೀಲರ ಕೈ ಸೇರಬೇಕು. ಒಂದು ವಾಯಿದೆ ತಪ್ಪಿದರೂ ಸಂಸ್ಥೆ ತನ್ನ ವಾದ ಮಂಡಿಸುವ ಅವಕಾಶ ಕಳೆದುಕೊಳ್ಳಬಹುದು. ಯಾವ ಪ್ರಕರಣ ಯಾವ ನ್ಯಾಯಾಲಯದಲ್ಲಿದೆ, ಯಾವ ವಕೀಲರ ಬಳಿ ಯಾವ ಕಟ್ಟು ಇದೆ, ಹಳೆಯ ಪಾಲಿಸಿಗಳ ಪ್ರತಿ ದಾಖಲೆ ಕೋಣೆಯ ಯಾವ ಮೂಲೆಯಲ್ಲಿದೆ ಎಂಬುದನ್ನು ಸಿಪಾಯಿ ಬಾಯಿಪಾಠವಾಗಿ ಬಲ್ಲವರಾಗಿದ್ದರು. ಮೇ ತಿಂಗಳಿಡೀ ಹಾವೇರಿಯ ಕಿರಿಯ ಸಹಾಯಕರೊಬ್ಬರು ಅವರ ಪಕ್ಕದಲ್ಲಿ ಕುಳಿತು ಅದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಕೊನೆಯ ಪುಟದಲ್ಲಿ ಸಿಪಾಯಿ ಒಪ್ಪಿಸಿದವರೆಂದೂ ಸಹಾಯಕರು ಒಪ್ಪಿಕೊಂಡವರೆಂದೂ ಸಹಿ ಮಾಡಿದರು.

ಶುಕ್ರವಾರ ಮತ್ತು ಶನಿವಾರ

ಗದಗಿನ ಕಾರ್ಯಕ್ರಮ ಶುಕ್ರವಾರ ಮಧ್ಯಾಹ್ನದ ಊಟದ ವೇಳೆಯಲ್ಲಿ ಶಾಖೆಯಲ್ಲೇ ನಡೆಯಿತು. ನಗದು ಕೌಂಟರ್ ಮುಚ್ಚದಂತೆ ಹುಬ್ಬಳ್ಳಿಯಿಂದ ಒಬ್ಬ ಸಹಾಯಕರನ್ನು ಕಳಿಸಲಾಗಿತ್ತು. ವಿಮಾ ಕಂತು ಕಟ್ಟಲು ಬಂದವರನ್ನು ನಾಳೆ ಬನ್ನಿ ಎಂದು ಕಳಿಸುವುದು ಆ ಹೆಣ್ಣುಮಗಳಿಗೆ ಇಷ್ಟವಿರಲಿಲ್ಲ. ಏಜೆಂಟರು, ಕ್ಲೇಮಿನ ನಷ್ಟ ಅಂದಾಜಿಸುವ ಸರ್ವೇಯರುಗಳು, ಪೇಟೆಯ ಕೆಲವು ದಲಾಲರು ಬಂದರು. ಊಟ ಬರುವುದು ತಡವಾಗಿ ಮಾತುಗಳನ್ನು ಮೊಟಕು ಮಾಡಬೇಕಾಯಿತು. ಸಂಜೆ ಕ್ಯಾಶ್ ತಾಳೆ ನೋಡಿ, ಬೀಗದ ಕೈ ಒಪ್ಪಿಸಿ ಅವರು ಎಂದಿನ ಗಾಡಿಗೆ ಹೊರಟಾಗ ಶಾಖೆಯ ಅಷ್ಟೂ ಜನ ಹುಬ್ಬಳ್ಳಿಗೆ ಟಿಕೆಟ್ ತೆಗೆಸಿ ಅವರ ಜೊತೆ ಹತ್ತಿದರು. ಗಾಡಿಯ ಹಳೆಯ ಸಂಗಾತಿಗಳು ಮೊದಲೇ ಜಾಗ ಹಿಡಿದಿದ್ದರು. ಗಿರ್ಮಿಟ್ಟು, ಮಿರ್ಚಿ, ಪೇಢೆ ಡಬ್ಬಿಯ ತುಂಬ ಹಂಚಿಕೆಯಾದವು. ಅಣ್ಣಿಗೇರಿಯಲ್ಲಿ ಇಳಿಯಬೇಕಾದವರಲ್ಲಿ ಇಬ್ಬರು ಇಳಿಯದೆ ಹುಬ್ಬಳ್ಳಿಯವರೆಗೂ ಬಂದರು. ನಿಲ್ದಾಣದಿಂದ ಮನೆಗೆ ಎಲ್ಲರೂ ಸೇರಿ ಮುಟ್ಟಿಸಿದರು. ಇಲ್ಲಿ ಉಡಿ ತುಂಬಿಸಿಕೊಂಡವರು ಸ್ವತಃ ನಿವೃತ್ತರೇ. ಅವರ ಅತ್ತೆಯವರೂ ಮುಂದೆ ನಿಂತು ತುಂಬಿದರು ಎಂಬುದನ್ನು ಗದಗಿನ ಹೆಣ್ಣುಮಕ್ಕಳು ಇಂದಿಗೂ ಹೇಳುತ್ತಾರೆ.

ಅದೇ ಹೊತ್ತಿಗೆ ಹಾವೇರಿಯಲ್ಲಿ ರೋಹಿಣಿ ಮಳೆ ಸುರಿಯುತ್ತಿತ್ತು. ಹುಬ್ಬಳ್ಳಿಯಿಂದ ಅರ್ಧ ದಿನದ ರಜೆ ಹಾಕಿದವರು ಒಂದು ಟೆಂಪೊ ಮಾಡಿಕೊಂಡು ಹೊರಟಿದ್ದರು. ವ್ಯವಸ್ಥಾಪಕರು ತಮ್ಮ ಗಾಡಿಯಲ್ಲಿ ಬಂದಿದ್ದರು. ಶಾಖೆಯಲ್ಲಿ ಆದೇಶ ಕೊಟ್ಟು, ಹಾವೇರಿಯ ಹೆಸರುವಾಸಿ ಏಲಕ್ಕಿ ಹಾರ ಹಾಕಿದರು. ಆ ಹಾರವನ್ನು ಹಾವೇರಿಯವರು ಮಂತ್ರಿಗಳಿಗೆ, ಪ್ರಧಾನಿಗಳಿಗೆ ಹಾಕಿದ್ದುಂಟು. ತಮ್ಮ ಶಾಖೆಯ ಸಿಪಾಯಿಗೂ ಅದನ್ನೇ ಹಾಕಬೇಕೆಂದು ಅಲ್ಲಿನ ಏಜೆಂಟರು ಹಟ ಹಿಡಿದು, ಅದರ ಖರ್ಚನ್ನು ತಾವೇ ವಹಿಸಿದ್ದರು. ಬಳಿಕ ಎಲ್ಲರೂ ಗುತ್ತಲ ರಸ್ತೆಯ ಹಳ್ಳಿಗೆ ಹೋದರು. ಅಂಗಳದಲ್ಲಿ ಹಾಕಿದ್ದ ಪೆಂಡಾಲು ನೆನೆದು ಜೋತುಬಿದ್ದಿದ್ದರಿಂದ ಬಸವಣ್ಣನ ಗುಡಿಯಲ್ಲಿ ಕಾರ್ಯಕ್ರಮ ಮಾಡಿದರು. ಬಿತ್ತಿಗೆಯ ಹೊತ್ತು, ಹೊಲ ಹದ ಮಾಡಿಕೊಂಡು ಮಳೆಗಾಗಿ ಕಾದಿದ್ದ ರೈತರು ಮಳೆ ಬಂದ ಸಂತೋಷದಲ್ಲಿ ಊರಿಗೂರೇ ಸೇರಿದ್ದರು. ಹುಬ್ಬಳ್ಳಿಯ ಅಧಿಕಾರಿಯೂ ಮಧ್ಯಾಹ್ನವೇ ತಮ್ಮ ಚಾರ್ಜ್ ಒಪ್ಪಿಸಿ, ಹಾವೇರಿ ಶಾಖೆಯಲ್ಲೇ ಆದೇಶ ಪಡೆಯುವ ಅನುಮತಿ ಕೇಳಿಕೊಂಡು ಆ ಟೆಂಪೊದಲ್ಲೇ ಬಂದಿದ್ದರು.

ಮಾತಾಡಲು ಕೇಳಿದಾಗ ಸಿಪಾಯಿ ಹೆಚ್ಚು ಮಾತಾಡಲಿಲ್ಲ. ಬ್ಯಾಡಗಿಯ ಶೀತಲಗೃಹವೊಂದಕ್ಕೆ ಹಿಂದೊಮ್ಮೆ ಬೆಂಕಿ ಬಿದ್ದಾಗ ಸರ್ವೇಯರ ಜೊತೆ ಮೆಣಸಿನಕಾಯಿಯ ಘಾಟಿನಲ್ಲಿ ನಿಂತು ಸುಟ್ಟ ಚೀಲಗಳನ್ನು ಎಣಿಸಿದ್ದನ್ನು ನೆನೆದರು. ಸತ್ತ ಲಾರಿ ಚಾಲಕನ ಹೆಂಡತಿ ಪರಿಹಾರದ ಚೆಕ್ಕಿಗಾಗಿ ಯಾರನ್ನು ಕಾಣಬೇಕೆಂದು ತಿಳಿಯದೆ ನ್ಯಾಯಾಲಯದ ಅಂಗಳದಲ್ಲಿ ಕುಳಿತಿದ್ದಾಗ ತಾನು ದಾರಿ ತೋರಿಸಿದ್ದನ್ನು ಹೇಳಿದರು. ಆ ಮಾತು ಕೇಳುತ್ತಿದ್ದ ಊರವರಿಗೆ, ತಮ್ಮವನು ಕಚೇರಿಯಲ್ಲಿ ನೀರು ಕೊಡುವುದಷ್ಟೇ ಮಾಡುತ್ತಿರಲಿಲ್ಲ ಎಂಬುದು ತಿಳಿಯಿತು. ವ್ಯವಸ್ಥಾಪಕರು ಆ ನೋಟುಬುಕ್ಕನ್ನು ಮೇಲೆತ್ತಿ ತೋರಿಸಿ ಅದರಲ್ಲೇನಿದೆ ಎಂದು ವಿವರಿಸಿದರು. ತಾಯಿ ವ್ಯವಸ್ಥಾಪಕರ ಪಕ್ಕದಲ್ಲಿ ಕುಳಿತಿದ್ದರು. ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಮಾದಲಿ.

ಶನಿವಾರದ ಹುಬ್ಬಳ್ಳಿಯ ಕಾರ್ಯಕ್ರಮ ಸರಳವಾಗಿ ಮುಗಿಯಿತು. ಅಧಿಕಾರಿಯ ಮನೆಯಲ್ಲಿ ಮೂವರೂ ನಿವೃತ್ತರು ಕುಟುಂಬಸಮೇತ ಊಟಕ್ಕೆ ಸೇರಿದರು. ಮೊದಲು ಭವನದಲ್ಲಿ ಆಗಬೇಕೆಂದಿದ್ದ ಜಂಟಿ ಕೂಟ ಇಲ್ಲಿ ಯಾರ ಒತ್ತಾಯವೂ ಇಲ್ಲದೆ ಆಯಿತು.

ಹಣದ ವಿಷಯ

ಕೂಟದ ನಿಧಿಗೆ ಪ್ರತಿ ತಿಂಗಳೂ ಸಂಬಳದಿಂದ ವಂತಿಗೆ ಕಡಿತವಾಗುತ್ತದೆ. ಹುದ್ದೆ ಮೇಲಿದ್ದಷ್ಟೂ ವಂತಿಗೆ ಹೆಚ್ಚು. ನಿವೃತ್ತಿಯ ಉಡುಗೊರೆಯ ಬೆಲೆಯೂ ಹುದ್ದೆಗೆ ತಕ್ಕಂತೆ ಇರುತ್ತಿತ್ತು. ಏಪ್ರಿಲ್ ಸಭೆಯಲ್ಲಿ ಇದನ್ನು ಬದಲಿಸಿ, ಮೂವರಿಗೂ ಒಂದೇ ತೂಕದ ಬೆಳ್ಳಿಯ ಸಮೆ (ದೀಪದ ಕಂಬ) ಕೊಡಬೇಕೆಂದು ತೀರ್ಮಾನವಾಯಿತು. ಕಿರಿಯರು ಆಕ್ಷೇಪವೆತ್ತಿದರು, ಆದರೆ ಅವರ ಆಕ್ಷೇಪ ಸಮಾನತೆಯ ಬಗ್ಗೆ ಇರಲಿಲ್ಲ. ಇತ್ತೀಚೆಗೆ ಸೇರಿದವರಲ್ಲಿ ಹಲವರು ಬೇರೆ ಜಿಲ್ಲೆ, ಬೇರೆ ರಾಜ್ಯದವರು. ನಾಲ್ಕೈದು ವರ್ಷದಲ್ಲಿ ವರ್ಗವಾಗಿ ಹೋಗುತ್ತೇವೆ, ನಮ್ಮ ವಂತಿಗೆ ಬೇರೆಯವರ ನಿವೃತ್ತಿಗೆ ಖರ್ಚಾಗುತ್ತದೆ, ನಮಗೇನು ಬರುತ್ತದೆ ಎಂದು ಅವರು ಕೇಳಿದರು. ಈ ಪ್ರಶ್ನೆಯನ್ನು ಸಣ್ಣತನವೆಂದು ತಳ್ಳಿಹಾಕುವುದು ಅನ್ಯಾಯ. ಗದಗಿನ ಸದಸ್ಯರೊಬ್ಬರು, 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ನೆಲ ನಮ್ಮದು, ಕೂಡಿ ಹಾಕಿದ ಹಣದ ಲೆಕ್ಕ ಹಾಕಿದವರಿಗೆಲ್ಲ ಕಾಣಬೇಕು ಎಂದರು. ವರ್ಗವಾಗಿ ಹೋಗುವವರಿಗೂ ಅವರು ಕಟ್ಟಿದ ವರ್ಷಗಳಿಗೆ ತಕ್ಕ ಉಡುಗೊರೆ ಕೊಡುವುದೆಂದು, ವರ್ಷಕ್ಕೊಮ್ಮೆ ಖರ್ಚಿನ ಪಟ್ಟಿಯನ್ನು ಮೂರೂ ಕಚೇರಿಗಳ ಫಲಕದಲ್ಲಿ ಹಚ್ಚುವುದೆಂದು ಒಪ್ಪಂದವಾಯಿತು. ಆದರೂ ಇಬ್ಬರು ಕಿರಿಯರು ಸದಸ್ಯತ್ವ ಬಿಟ್ಟರು. ಅವರನ್ನು ಯಾರೂ ಹಳಿಯಲಿಲ್ಲ. ಅವರಲ್ಲೊಬ್ಬರು ಹಾವೇರಿಯ ಟೆಂಪೊದಲ್ಲಿ ಬಂದಿದ್ದರು ಕೂಡ.

ಗ್ರಾಚ್ಯುಟಿ ಮತ್ತು ರಜೆ ನಗದೀಕರಣದ ಮೊತ್ತವನ್ನು ವೇದಿಕೆಯ ಮೇಲೆ ಓದುವ ಹಳೆಯ ರೂಢಿಯನ್ನು ಈ ಸಲ ಕೈಬಿಡಲಾಯಿತು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವ ಈ ಕಾಲದಲ್ಲಿ ಮುಚ್ಚಿದ ಲಕೋಟೆಯೊಂದನ್ನು ಕೈಗಿತ್ತರೆ ಸಾಕು. ಮೊತ್ತ ಊರಿಗೆಲ್ಲ ಕೇಳಿಸಿದ ಮರುದಿನದಿಂದ ಸಾಲ ಕೇಳುವ ನೆಂಟರು, ಹೆಚ್ಚಿನ ಬಡ್ಡಿಯ ಆಸೆ ತೋರಿಸುವವರು ಬಾಗಿಲಿಗೆ ಬಂದು ನಿವೃತ್ತರನ್ನು ಪೇಚಿಗೆ ಸಿಲುಕಿಸಿದ್ದನ್ನು ಹಿರಿಯ ಸದಸ್ಯರು ಕಂಡಿದ್ದರು. ಈ ಬದಲಾವಣೆ ಎಲ್ಲ ಕಚೇರಿಗಳಲ್ಲಿಯೂ ಆಗಬೇಕಾದದ್ದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಆ ಬಳಿಕ

ಹಾವೇರಿಯ ನೋಟುಬುಕ್ಕು ಮೊದಲ ವಾರದಲ್ಲೇ ಉಪಯೋಗಕ್ಕೆ ಬಂತು. ಹಳೆಯ ಪ್ರಕರಣವೊಂದರ ಪಾಲಿಸಿ ಪ್ರತಿಗಾಗಿ ವಕೀಲರು ದೂರವಾಣಿ ಮಾಡಿದಾಗ ಕಿರಿಯ ಸಹಾಯಕರು ಪುಟ ತಿರುವಿ ಅದನ್ನು ಹುಡುಕಿಕೊಟ್ಟರು. ಸಿಪಾಯಿಯಿಂದಲೂ ಚಾರ್ಜ್ ಪಟ್ಟಿ ಪಡೆಯುವುದನ್ನು ವಿಭಾಗೀಯ ಕಚೇರಿ ಉಳಿದ ಶಾಖೆಗಳಿಗೂ ಸೂಚಿಸಿತು.

ಬಗೆಹರಿಯದ ಪ್ರಶ್ನೆಯೊಂದು ಉಳಿದಿದೆ. ಗದಗ ಶಾಖೆಯನ್ನು ಬಹಳ ವರ್ಷಗಳಿಂದ ಗುಡಿಸಿ ಒರೆಸುತ್ತಿದ್ದ ಹೆಣ್ಣುಮಗಳು ಗುತ್ತಿಗೆದಾರರ ಮೂಲಕ ಬಂದವರು. ಅವರಿಗೆ ಸೇವಾ ಪುಸ್ತಕವಿಲ್ಲ, ನಿವೃತ್ತಿಯ ದಿನಾಂಕವಿಲ್ಲ, ಕೂಟದ ಸದಸ್ಯತ್ವವಿಲ್ಲ. ಮಂಡಿನೋವು ಹೆಚ್ಚಾಗಿ ಆಗಸ್ಟ್ ತಿಂಗಳಲ್ಲಿ ಅವರು ಬರುವುದನ್ನು ನಿಲ್ಲಿಸಿದರು. ಕೂಟದ ನಿಯಮದಲ್ಲಿ ಅವರಿಗೆ ಏನನ್ನೂ ಕೊಡಲು ಅವಕಾಶವಿರಲಿಲ್ಲವಾದ್ದರಿಂದ, ಗದಗಿನ ಸಿಬ್ಬಂದಿ ತಮ್ಮೊಳಗೇ ಪಟ್ಟಿ ಹಾಕಿ ಹಣ ಕೂಡಿಸಿ, ಸೀರೆ, ಖಣ, ತೆಂಗಿನಕಾಯಿ ತೆಗೆದುಕೊಂಡು ಬೆಟಗೇರಿಯ ಅವರ ಮನೆಗೆ ಹೋಗಿ ಬಂದರು. ನಿವೃತ್ತ ಸಹಾಯಕಿಯವರೂ ಅದಕ್ಕಾಗಿಯೇ ಹುಬ್ಬಳ್ಳಿಯಿಂದ ಗಾಡಿ ಹಿಡಿದು ಬಂದಿದ್ದರು. ಗುತ್ತಿಗೆಯ ನೌಕರರನ್ನೂ ಕಾವಲುಗಾರರನ್ನೂ ವಂತಿಗೆಯಿಲ್ಲದೆ ಕೂಟದ ಸದಸ್ಯರೆಂದು ಸೇರಿಸಿಕೊಳ್ಳಬೇಕೆಂದು ಗದಗ ಶಾಖೆ ಲಿಖಿತವಾಗಿ ಕೇಳಿದೆ. ನಿಧಿಗೆ ಅದು ಭಾರವಾದೀತೆಂದು ಖಜಾಂಚಿ ಟಿಪ್ಪಣಿ ಬರೆದಿದ್ದಾರೆ. ಹಾವೇರಿ ಶಾಖೆ ಬೆಂಬಲಿಸಿದೆ. ಹುಬ್ಬಳ್ಳಿಯವರ ಅಭಿಪ್ರಾಯ ಬಂದ ಮೇಲೆ ಡಿಸೆಂಬರ್ ಸಭೆಯಲ್ಲಿ ಅದನ್ನು ಮತಕ್ಕೆ ಹಾಕಲಾಗುವುದು.